ಗುಳಿಗೆಗಿಲ್ಲದ ಕಾರ್ಡು

ಹೀರಾಬಾಯಿ ಹಿತ್ತಲಿನ ಕಲ್ಲಿನ ಮೇಲೆ ಕೂತು ಗಂಡನ ಹೊಟ್ಟೆಗೆ ಅಂಟಿಸುವ ಪ್ಲಾಸ್ಟಿಕ್ ಚೀಲವನ್ನು ತೊಳೆಯುತ್ತಿದ್ದಳು. ಆಗ ಪಕ್ಕದ ಮನೆಯ ನಿಂಬೆವ್ವ ಮೋಟುಗೋಡೆಯ ಆಚೆ ಬಂದು ನಿಂತು, ಸೊಸೆ ಸಾಬಮ್ಮನ ಆಪರೇಶನ್ನಿಗೆ ಸೋಮವಾರ ಗೊತ್ತಾಗಿದೆ ಎಂದಳು. ಗುಲಬರ್ಗಾದ ನರ್ಸಿಂಗ್ ಹೋಮಿನ ವ್ಯಾನು ಬೆಳಿಗ್ಗೆಯೇ ನಿಂಬರ್ಗಾಕ್ಕೆ ಬರುತ್ತದೆ. ಊರಿನ ಇನ್ನೂ ಮೂವರು ಹೆಂಗಸರು ಹೊರಟಿದ್ದಾರೆ. ಗರ್ಭಚೀಲ ತೆಗೆದು, ಹೊಲಿಗೆ ಬಿಚ್ಚುವವರೆಗೆ ಅಲ್ಲೇ ಇಟ್ಟುಕೊಂಡು, ಅದೇ ವ್ಯಾನಿನಲ್ಲಿ ಮನೆ ಮುಟ್ಟಿಸುತ್ತಾರೆ. ಎಲ್ಲ ಕಾರ್ಡಿನಲ್ಲೇ, ಫುಕಟ್, ಒಂದು ಪೈಸೆ ಖರ್ಚಿಲ್ಲ. ಇಷ್ಟು ಹೇಳಿ, ಆ ಕಾರ್ಡು ಮಾಡಿಸಿಕೊಟ್ಟವಳು ನೀನೇ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹಾರೈಸಿ ನಿಂಬೆವ್ವ ಒಳಗೆ ಹೋದಳು.

ಹೀರಾಬಾಯಿ ತೊಳೆಯುತ್ತಿದ್ದ ಚೀಲವನ್ನು ಕೆಳಗಿಟ್ಟಳು. ಸಾಬಮ್ಮನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಕಾರ್ಡು ಮಾಡಿಸಿದ್ದು ಅವಳೇ ಎನ್ನುವುದು ಸುಳ್ಳಲ್ಲ. ಹೆಂಗಸರಿಗೆಂದು ಮೀಸಲಿಟ್ಟ ಸೀಟಿನಲ್ಲಿ ಗ್ರಾಮ ಪಂಚಾಯತಿಗೆ ಆರಿಸಿ ಬಂದ ಮೇಲೆ ಅವಳ ಕೈಗೆ ಬಂದ ಮೊದಲ ದೊಡ್ಡ ಕೆಲಸವೇ ಅದು. ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಆರೋಗ್ಯ ವಿಮೆಯ ಅಧಿಕಾರಿ ಮಹಾದೇವಪ್ಪ ಆಳಂದದಿಂದ ಜೀಪಿನಲ್ಲಿ ಬಂದು ಪಂಚಾಯತಿಯವರನ್ನು ಕೂಡಿಸಿದ್ದ. ಮನೆಗೊಂದು ಕಾರ್ಡು, ವರ್ಷಕ್ಕೊಮ್ಮೆ ಮನೆಯವರು ಸ್ವಲ್ಪ ಕಟ್ಟುವುದು, ಉಳಿದದ್ದನ್ನು ಸರ್ಕಾರ ಕಟ್ಟುವುದು, ಯಾರಿಗಾದರೂ ಆಪರೇಶನ್ ಬೇಕಾಗಿ ಆಸ್ಪತ್ರೆ ಸೇರಿದರೆ ಖರ್ಚೆಲ್ಲ ವಿಮಾ ಕಂಪನಿಯದು. ಸದ್ಯಕ್ಕೆ ಕೆಲವೇ ಊರುಗಳಲ್ಲಿ ನೋಡುತ್ತಿದ್ದೇವೆ, ಇಲ್ಲಿ ನಡೆದರೆ ದೇಶಕ್ಕೆಲ್ಲ ಬರುತ್ತದೆ ಎಂದು ಅವನು ಹೇಳಿದ್ದ.

ಊರವರು ಮೊದಲು ಹತ್ತಿರ ಸೇರಿಸಲಿಲ್ಲ. ಬೀಜಕ್ಕೆ ಮೊದಲೇ ಕೊಡುತ್ತೇವೆ, ಮದುವೆಗೆ ಮೊದಲೇ ಕೂಡಿಡುತ್ತೇವೆ, ಆದರೆ ಬ್ಯಾನಿಗೆ, ಬರದ ರೋಗಕ್ಕೆ, ಮೊದಲೇ ರೊಕ್ಕ ಕಟ್ಟಿ ಅದನ್ನು ಮನೆಗೆ ಕರೆಯಬೇಕೇ ಎಂದು ಕೇಳಿದರು. ಹೀರಾಬಾಯಿ ಮಾತ್ರ ಬಿಡಲಿಲ್ಲ. ಅವಳ ಅಪ್ಪ ಹೊಟ್ಟೆನೋವಿನಿಂದ ಸೊಲ್ಲಾಪುರದ ಆಸ್ಪತ್ರೆಯ ಬಾಗಿಲವರೆಗೆ ಹೋಗಿ, ಅಲ್ಲಿ ಕೇಳಿದಷ್ಟು ಕೊಡಲಾಗದೆ ಅದೇ ಗಾಡಿಯಲ್ಲಿ ಹಿಂದಿರುಗಿ ಬಂದು ಸತ್ತಿದ್ದ. ಅದನ್ನು ಒಂದೊಂದು ಮನೆಯಲ್ಲೂ ಕೂತು ಹೇಳಿದಳು. ಮುಜುಗರಕ್ಕೋ ಮರುಕಕ್ಕೋ ಜನ ಸೇರಿದರು.

ದಸರೆ ಕಳೆದ ಮೇಲೆ ಅವಳ ಗಂಡ ರೇವಣಪ್ಪನೇ ಬಿದ್ದ. ಜ್ವರ ಬಂದು ಎರಡು ವಾರ ಅದನ್ನು ಮೈಮೇಲೆಯೇ ಹೊತ್ತುಕೊಂಡು ತೊಗರಿ ಹೊಲಕ್ಕೆ ಓಡಾಡಿದ್ದ. ಒಂದು ಮುಂಜಾನೆ ಹೊಟ್ಟೆ ಹಲಗೆಯಂತೆ ಬಿಗಿದು, ಉಸಿರೆಳೆಯಲೂ ಆಗದೆ ಮುದುಡಿಕೊಂಡ. ಗುಲಬರ್ಗಾಕ್ಕೆ ಒಯ್ದಾಗ, ವಿಷಮಜ್ವರಕ್ಕೆ ಕರುಳು ತೂತಾಗಿದೆ, ಈಗಲೇ ಕೊಯ್ಯಬೇಕು ಎಂದರು. ಹೀರಾಬಾಯಿ ಕಾರ್ಡು ಕೊಟ್ಟಳು. ಯಾರೂ ಅವಳನ್ನು ಬೇರೇನೂ ಕೇಳಲಿಲ್ಲ. ಕಬ್ಬಿಣದ ಮಂಚವನ್ನು ತಳ್ಳಿಕೊಂಡು ಒಳಗೆ ಹೋಗಿಬಿಟ್ಟರು. ಅವಳು ಆ ಬಾಗಿಲ ಎದುರು ಕೂತು, ತನ್ನ ಅಪ್ಪನಿಗೆ ತೆರೆಯದ ಬಾಗಿಲು ಇದು ಎಂದುಕೊಂಡು ಅತ್ತಳು.

ರೇವಣಪ್ಪ ಬದುಕಿದ. ಆದರೆ ಡಾಕ್ಟರು ಕರುಳಿನ ಒಂದು ಬಾಯಿಯನ್ನು ಹೊಟ್ಟೆಯ ಬಲಕ್ಕೆ ಹೊರಗೆ ತೆಗೆದಿಟ್ಟಿದ್ದರು. ಮಲ ಅಲ್ಲಿಂದಲೇ ಚೀಲಕ್ಕೆ ಬೀಳುತ್ತಿತ್ತು. ಒಳಗಿನದು ಮಾಗಿ, ಮೈಯಲ್ಲಿ ಕಸುವು ಬಂದ ಮೇಲೆ ಇನ್ನೊಂದು ಆಪರೇಶನ್ ಮಾಡಿ ಅದನ್ನು ಮುಚ್ಚುತ್ತೇವೆ ಎಂದಿದ್ದರು. ಸಂಕ್ರಾಂತಿ ಆದ ಮೇಲೆ ತೋರಿಸಿದಾಗಲೂ, ಇನ್ನೂ ಬಡಕಲಾಗಿದ್ದಾನೆ, ಯುಗಾದಿ ಕಳೆಯಲಿ ಎಂದು ಕಳಿಸಿದರು. ಅಷ್ಟು ದಿನ ಅವನು ಮಂದಿಯ ನಡುವೆ ಕೂರಲಿಲ್ಲ, ಬೀಗರ ಮನೆಗೆ ಹೋಗಲಿಲ್ಲ, ಹೊಟ್ಟೆ ತುಂಬ ಊಟ ಮಾಡಲಿಲ್ಲ. ವಾಸನೆ ಬರುತ್ತಿದೆಯೇ ಎಂದು ಹೆಂಡತಿಯನ್ನು ಪದೇಪದೇ ಕೇಳುತ್ತಿದ್ದ.

ಅವನು ಉಳಿದು ಬಂದದ್ದನ್ನು ಕಂಡು ಊರಿಗೆ ಕಾರ್ಡಿನ ಮೇಲೆ ನಂಬಿಕೆ ಬಂತು. ಆ ನಂಬಿಕೆಯ ಬೆನ್ನಿಗೇ ನರ್ಸಿಂಗ್ ಹೋಮಿನ ವ್ಯಾನೂ ಬಂತು. ಆ ನರ್ಸಿಂಗ್ ಹೋಮಿನಲ್ಲೂ ಕಾರ್ಡು ನಡೆಯುತ್ತಿತ್ತು. ಶಾಲೆಯ ಅಂಗಳದಲ್ಲಿ ಟೇಬಲ್ ಹಾಕಿ, ಸೊಂಟನೋವು, ಬಿಳಿ ಮುಟ್ಟು, ಕಿಬ್ಬೊಟ್ಟೆ ನೋವು ಎಂದ ಹೆಂಗಸರನ್ನೆಲ್ಲ ನೋಡಿದರು. ಕೆಲವರನ್ನು ಗುಲಬರ್ಗಾಕ್ಕೆ ಕರೆದೊಯ್ದು ಗರ್ಭಚೀಲ ತೆಗೆದರು. ಮೊದಲು ಹೋದವಳು ಪ್ಯಾರಿಬಿ. ಅವಳು ಹೀರಾಬಾಯಿಯ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಗಟ್ಟಿ ಹೆಂಗಸು. ಆಪರೇಶನ್ ಆಗಿ ಬಂದ ಮೇಲೆ ಅವಳಿಗೆ ಮೈಯೆಲ್ಲ ಒಲೆಯ ಮುಂದೆ ಕೂತಂತೆ ಸುಡುತ್ತಿತ್ತು. ಇದ್ದಕ್ಕಿದ್ದಂತೆ ಬೆವರು ಕಿತ್ತುಕೊಳ್ಳುತ್ತಿತ್ತು. ಕುಕ್ಕರಗಾಲಲ್ಲಿ ಕೂತರೆ ಏಳಲು ಯಾರಾದರೂ ಕೈ ಹಿಡಿಯಬೇಕಿತ್ತು. ಅವಳು ಕೆಲಸಕ್ಕೆ ಬರುವುದನ್ನೇ ಬಿಟ್ಟಳು.

ಹೀರಾಬಾಯಿಗೆ ಹಿಡಿದದ್ದು ಒಂದೇ ಅನುಮಾನ. ಪ್ಯಾರಿಬಿಗೆ ಹೇಳಿದ್ದರಂತೆ: ಚೀಲ ಬಾತಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ. ಅವಳ ಹಿಂದೆ ಹೋದ ಇಬ್ಬರಿಗೂ ಅದನ್ನೇ ಹೇಳಿದ್ದರು. ಈಗ ಸಾಬಮ್ಮನಿಗೂ ಅದೇ ಮಾತು. ಒಂದೇ ಊರಿನ ಇಷ್ಟು ಹೆಂಗಸರಿಗೆ ಒಂದೇ ವರ್ಷದಲ್ಲಿ ಒಂದೇ ಬ್ಯಾನಿ ಹೇಗೆ ಬರುತ್ತದೆ? ಆದರೆ ಅವಳೇನು ಡಾಕ್ಟರೇ? ಬೇಡ ಎಂದು ತಡೆದು, ನಾಳೆ ನಿಜವಾಗಿ ಏನಾದರೂ ಆಗಿಬಿಟ್ಟರೆ?

ಸಾಬಮ್ಮ ಹೊಲದಲ್ಲಿ ಜೋಳದ ತೆನೆ ಮುರಿಯುತ್ತಿದ್ದಳು. ಹೀರಾಬಾಯಿ ಪಕ್ಕದಲ್ಲಿ ಕೂತು ಒಂದಿಷ್ಟು ತೆನೆ ತಾನೂ ಮುರಿದಳು. ಆಮೇಲೆ, ಆಪರೇಶನ್ ವಿಷಯದಲ್ಲಿ ನಿನಗೇನು ಅನಿಸುತ್ತದೆ ಎಂದು ಕೇಳಿದಳು. ಸಾಬಮ್ಮ ಇನ್ನೂ ಎರಡು ತೆನೆ ಮುರಿದು ಹಾಕಿದಳು.

"ನನಗ ಯಾರೂ ಕೇಳಿದ್ದಿಲ್ಲ ಕಾಕಿ," ಎಂದಳು ಕೊನೆಗೆ. "ಮಕ್ಕಳಾಗದಂಗ ಮೊದಲೇ ಮಾಡಿಸ್ಯಾದ, ಇನ್ನ ಆ ಚೀಲ ಇಟಗೊಂಡು ಏನ್ ಮಾಡ್ತಿ ಅಂತಾರ ನಮ್ಮತ್ತಿ. ನಮ್ಮವ್ವ ಅಲ್ಲಿ ಜೇವರ್ಗಿ ದವಾಖಾನ್ಯಾಗ ಇದೇ ಚೀಲದ ಬ್ಯಾನಿಗೆ ರಕ್ತ ಹೋಗಿ ಹೋಗಿ ಸತ್ತಳು. ಅದನ್ನ ನೆನಸಿದ್ರ, ತೆಗಿಸಿಬಿಟ್ರ ಛಲೋ ಅನಸ್ತದ. ಪ್ಯಾರಿಬಕ್ಕನ ನೋಡಿದ್ರ, ಹೋಗಾಕ ಕಾಲ ಏಳವಲ್ಲವು."

ತಾಯಿಯ ಸಂಗತಿ ಹೀರಾಬಾಯಿಗೆ ಗೊತ್ತಿರಲಿಲ್ಲ. ಜೊತೆಗೆ ಇನ್ನೊಂದು ಅವಸರವೂ ಇತ್ತು. ಕಾರ್ಡಿನ ವರ್ಷ ಮಾರ್ಚ್ ಕೊನೆಗೆ ಮುಗಿಯುತ್ತಿತ್ತು. ಮಾಡಿಸುವುದಿದ್ದರೆ ಈಗಲೇ ಮಾಡಿಸಿ, ಆಮೇಲೆ ಏನೋ ಎಂತೋ ಎಂದು ವ್ಯಾನಿನವರು ಮನೆಮನೆಗೆ ಹೇಳಿ ಹೋಗಿದ್ದರು.

ಗುಲಬರ್ಗಾದ ಸರ್ಕಾರಿ ಆಸ್ಪತ್ರೆಯಲ್ಲಿ ಹೆಂಗಸರನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದರು. ಅವರಿಗೆ ತೋರಿಸಿಯೇ ಮುಂದಿನ ಮಾತು ಎಂದು ಹೀರಾಬಾಯಿ ನಿಶ್ಚಯಿಸಿದಳು. ನಿಂಬೆವ್ವನಿಗೆ ಹೇಳಿದರೆ ಬಿಡುವವಳಲ್ಲ. ಶುಕ್ರವಾರ ರೇವಣಪ್ಪನ ಹೊಟ್ಟೆಯ ಗಾಯವನ್ನು ಹೇಗೂ ತೋರಿಸುವುದಿತ್ತು. ಒಬ್ಬಳಿಗೇ ಸಂಭಾಳಿಸಲಾಗುವುದಿಲ್ಲ, ಸಾಬಮ್ಮನನ್ನು ಜೊತೆಗೆ ಕಳಿಸು ಎಂದು ಕೇಳಿ, ಅರ್ಧ ಸುಳ್ಳಿನ ಮೇಲೆ ಅವಳನ್ನು ಬಸ್ಸು ಹತ್ತಿಸಿದಳು. ದಾರಿಯುದ್ದಕ್ಕೂ ರೇವಣಪ್ಪ ಚೀಲದ ಮೇಲೆ ಕೈಯಿಟ್ಟುಕೊಂಡು ಕಿಟಕಿಗೆ ಮುಖ ಮಾಡಿ ಕೂತಿದ್ದ.

ಡಾಕ್ಟರಮ್ಮನ ಕೋಣೆಯ ಮುಂದೆ ಸಾಲು ಹನುಮಂತನ ಬಾಲದಷ್ಟಿತ್ತು. ಸರದಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಅವರು ಸಾಬಮ್ಮನನ್ನು ಪರದೆಯ ಹಿಂದೆ ಮಲಗಿಸಿ ನಿಧಾನವಾಗಿ ನೋಡಿದರು, ಒಂದೊಂದೇ ಪ್ರಶ್ನೆ ಕೇಳಿದರು. ಆಮೇಲೆ ಕೈ ತೊಳೆದುಕೊಳ್ಳುತ್ತ, ಒಳಗೆ ಸೋಂಕಾಗಿದೆ, ಬಾವು ಅದರದ್ದೇ, ತೆಗೆಯುವಂಥದ್ದು ನನ್ನ ಕಣ್ಣಿಗೇನೂ ಕಾಣಲಿಲ್ಲ ಎಂದರು. ಗಂಡ ಹೆಂಡತಿ ಇಬ್ಬರೂ ಗುಳಿಗೆ ತೆಗೆದುಕೊಳ್ಳಬೇಕು, ಒಬ್ಬರೇ ತೆಗೆದುಕೊಂಡರೆ ಮತ್ತೆ ಬರುತ್ತದೆ. ಆದರೆ ತಾಯಿ ಹಾಗೆ ತೀರಿಕೊಂಡಿದ್ದರಿಂದ ಒಂದು ಪರೀಕ್ಷೆ ಮಾಡಿಸಿಬಿಡೋಣ ಎಂದು, ಒಳಗಿನಿಂದ ಸ್ವಲ್ಪ ತೆಗೆದು ಗಾಜಿನ ಪಟ್ಟಿಗೆ ಸವರಿ ಕಳಿಸಿದರು. ಫಲಿತಾಂಶ ಬರಲು ಒಂದು ತಿಂಗಳಾದರೂ ಬೇಕು.

"ಅದು ಕೆಟ್ಟದ್ದ ಬಂದ್ರ?" ಎಂದು ಹೀರಾಬಾಯಿ ಕೇಳಿದಳು.

"ಆಗ ಆಪರೇಶನ್ ಬೇಕಾಗ್ತದ."

"ಅಷ್ಟರಾಗ ಕಾರ್ಡಿನ ವರ್ಷ ಮುಗೀತದ್ರಿ. ಈಗಾದ್ರ ಫುಕಟ್ ಆಗ್ತದ."

ಡಾಕ್ಟರಮ್ಮ ಟವೆಲ್ಲು ಕೆಳಗಿಟ್ಟು ಅವಳ ಮುಖ ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ದಣಿವಾಗಿತ್ತು.

"ಕಾರ್ಡಿನ ತಾರೀಖ ನೋಡಿ ನನಗ ಬ್ಯಾನಿ ಹೇಳಾಕ ಬರೂದಿಲ್ಲ, ಬಾಯಿ. ಈ ವಯಸ್ಸಿಗೆ ಸುಮ್ಮಸುಮ್ಮನ ತೆಗದ್ರ ಎಲುಬು ಸವೀತಾವ, ಮೈ ಮುಪ್ಪಾಗ್ತದ. ಕಾಯ್ರಿ."

ಹೊರಗೆ ಔಷಧಿ ಅಂಗಡಿಯಲ್ಲಿ ಹೀರಾಬಾಯಿ ಅಭ್ಯಾಸಬಲದಿಂದ ಕಾರ್ಡು ಮುಂದೆ ಮಾಡಿದಳು. ಅಂಗಡಿಯವನು ಅದನ್ನು ಹಿಂದಕ್ಕೆ ಸರಿಸಿದ. ಹಾಸಿಗೆ ಹಿಡಿದು ಮಲಗಿ ಕೊಯ್ಸಿಕೊಂಡವರಿಗಷ್ಟೇ ಇದು, ಗುಳಿಗೆಗೆ ಇಲ್ಲ ಎಂದ. ಅವಳು ತನ್ನ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಗರ್ಭಚೀಲ ಕಿತ್ತು ತೆಗೆಯಲು ನಡೆಯುವ ಕಾರ್ಡು ಅದನ್ನು ಉಳಿಸುವ ನಾಲ್ಕು ಗುಳಿಗೆಗೆ ನಡೆಯುವುದಿಲ್ಲ. ಇಂಥದ್ದನ್ನು ನಾನು ಮನೆಮನೆಗೆ ಹೊತ್ತು ತಂದೆನೇ ಎಂದು ಅವಳಿಗೆ ಆ ಅಂಗಡಿಯ ಮುಂದೆ ಮೊದಲ ಸಲ ಅನಿಸಿತು. ಆದರೆ ಪಕ್ಕದ ಕಟ್ಟೆಯ ಮೇಲೆ ಗಂಡ ಕೂತಿದ್ದ. ಅದೇ ಕಾರ್ಡಿಲ್ಲದಿದ್ದರೆ ಅವನು ಅಲ್ಲಿ ಕೂತಿರುತ್ತಿರಲಿಲ್ಲ.

ಊರಿಗೆ ಬಂದು ಅವಳೇ ಎಲ್ಲವನ್ನೂ ನಿಂಬೆವ್ವನಿಗೆ ಹೇಳಿದಳು. ನಿಂಬೆವ್ವ ಕೂಗಾಡಲಿಲ್ಲ. ಮೊರದಲ್ಲಿದ್ದ ಕಾಳನ್ನು ಕೆಳಗಿಟ್ಟು ಕೇಳಿದಳು.

"ನಿನ್ನ ಗಂಡಗ ಕಾರ್ಡ ಬೇಕಾಗಿತ್ತು. ನನ್ನ ಸೊಸಿಗೆ ಬ್ಯಾಡೇನು ಹೀರಾ? ನಾಳೆ ಆಕಿಗೆ ಆಕಿ ಅವ್ವನ ಗತಿ ಆದ್ರ, ಈ ಮಕ್ಕಳನ್ನ ನೀ ನೋಡ್ಕೋತೀಯೇನು?"

ಹೀರಾಬಾಯಿ ಎದ್ದು ಮನೆಗೆ ಬಂದಳು.

ಸೋಮವಾರ ವ್ಯಾನು ಬಂದು ಊರ ಅಗಸಿಬಾಗಿಲ ಮುಂದೆ ಹಾರ್ನ್ ಹಾಕಿತು. ಹೀರಾಬಾಯಿ ಮನೆಯ ಬಾಗಿಲಲ್ಲಿ ನಿಂತು ಪಕ್ಕದ ಮನೆಯತ್ತ ನೋಡುತ್ತಿದ್ದಳು. ಒಳಗೆ ನಿಂಬೆವ್ವನ ಮಾತು, ಸಾಬಮ್ಮನ ಗಂಡ ಸೈದಪ್ಪನ ಮಾತು ಕೇಳುತ್ತಿತ್ತು. ವ್ಯಾನಿನಿಂದ ಇಳಿದು ಬಂದವನು ಒಳ್ಳೆಯ ಮಾತಿನವನೇ. ಬರದಿದ್ದರೆ ಬಿಡಿ, ಮುಂದೆ ಏನಾದರೂ ಆದರೆ ನಮ್ಮ ಮೇಲೆ ಹಾಕಬೇಡಿ ಎಂದು ಮೆತ್ತಗೆ ಹೇಳಿದ. ಆ ಮೆತ್ತನೆಯ ಮಾತಿಗೆ ನಿಂಬೆವ್ವ ಅಂಜಿ ಸೊಸೆಯನ್ನು ಕೂಗಿ ಕರೆದಳು. ಆಗ ಸಾಬಮ್ಮ ಹೊಸ್ತಿಲಿಗೆ ಬಂದು, ಪರೀಕ್ಷೆಗೆ ಕೊಟ್ಟು ಬಂದಿದ್ದೇನೆ, ಅದು ಬರುವವರೆಗೆ ಬರುವುದಿಲ್ಲ ಎಂದಳು. ಅತ್ತೆಯ ಮುಂದೆ ಅಷ್ಟು ಗಟ್ಟಿಯಾಗಿ ಅವಳು ಅದುವರೆಗೆ ಮಾತಾಡಿದವಳಲ್ಲ. ಆ ಸುದ್ದಿ ಕಿವಿಗೆ ಬಿದ್ದು ವ್ಯಾನಿನಲ್ಲಿ ಕೂತಿದ್ದ ಇನ್ನೊಬ್ಬಳು ಗಂಟು ಎತ್ತಿಕೊಂಡು ಇಳಿದಳು. ಉಳಿದಿಬ್ಬರು ಹೋದರು.

ಅಂದಿನಿಂದ ಹೀರಾಬಾಯಿಗೆ ನೆಮ್ಮದಿಯೆಂಬುದಿರಲಿಲ್ಲ. ಸಾಬಮ್ಮ ನೀರಿಗೆ ಹೋಗುವಾಗ ಸೊಂಟ ಹಿಡಿದುಕೊಂಡರೆ ಇವಳ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದ ಮನೆಯಲ್ಲಿ ಯಾರಾದರೂ ಸ್ವಲ್ಪ ದನಿಯೇರಿಸಿದರೂ ಒಲೆಯ ಮುಂದಿನಿಂದ ಎದ್ದು ಗೋಡೆಗೆ ಕಿವಿ ಕೊಡುತ್ತಿದ್ದಳು. ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ಸೈದಪ್ಪ ಬೇರೆ, ನನಗೇನಾಗಿದೆ ಎಂದು ಗುಳಿಗೆಯನ್ನು ಮುಟ್ಟಿರಲಿಲ್ಲ. ಸಾಬಮ್ಮ ನಾಚಿಕೆ ಬಿಟ್ಟು ಬಂದು ಅದನ್ನು ಹೇಳಿದಾಗ ಹೀರಾಬಾಯಿಗೆ ದಿಕ್ಕು ತೋಚಲಿಲ್ಲ. ಹೆಂಗಸಾದ ತಾನು ಆ ಮಾತನ್ನು ಅವನ ಹತ್ತಿರ ಹೇಗೆ ಎತ್ತುವುದು?

ರೇವಣಪ್ಪ ಅದನ್ನು ಕೇಳಿಸಿಕೊಂಡಿದ್ದ. ಎಷ್ಟೋ ತಿಂಗಳಿಂದ ಮನೆ ಬಿಟ್ಟು ಕದಲದವನು ಅವತ್ತು ಸೈದಪ್ಪನ ಜೋಳದ ರಾಶಿಯವರೆಗೆ ನಡೆದುಕೊಂಡು ಹೋದ. ಅಲ್ಲಿ ಅಂಗಿ ಎತ್ತಿ ಹೊಟ್ಟೆಯ ಚೀಲವನ್ನೇ ತೋರಿಸಿದನಂತೆ. ಜ್ವರ ಬಂದಾಗ ನನಗೇನಾಗಿದೆ ಎಂದು ನಾನೂ ಹೀಗೇ ಅಂದಿದ್ದೆ, ಗುಳಿಗೆಯಲ್ಲಿ ಹೋಗುವುದು ಇಲ್ಲಿಗೆ ಬಂತು ಎಂದನಂತೆ. ಸೈದಪ್ಪ ತಲೆ ತಗ್ಗಿಸಿ ಕೂತಿದ್ದ. ಮರುದಿನ ಅವನು ಗುಳಿಗೆ ನುಂಗಿದ ಸುದ್ದಿಯನ್ನು ಸಾಬಮ್ಮ ಕಣ್ಣಲ್ಲೇ ತಿಳಿಸಿದಳು.

ಮಾರ್ಚ್ ತಿಂಗಳ ಕೊನೆಯ ವಾರ ಮಹಾದೇವಪ್ಪ ಮತ್ತೆ ಬಂದ. ಈ ಸಲ ಅವನ ಮುಖದಲ್ಲಿ ಹೋದ ವರ್ಷದ ಹುಮ್ಮಸ್ಸಿರಲಿಲ್ಲ. ಆಪರೇಶನ್‌ಗಳು ಅಂದಾಜಿಗಿಂತ ಹೆಚ್ಚಾಗಿ ಕಂಪನಿಯವರು ಗೊಣಗುತ್ತಿದ್ದಾರೆ. ಇನ್ನು ಮೇಲೆ ಊರಿನ ಅರ್ಧದಷ್ಟು ಮನೆಗಳಾದರೂ ಸೇರಿದರೆ ಮಾತ್ರ ಆ ಊರಿಗೆ ಕಾರ್ಡು, ಇಲ್ಲದಿದ್ದರೆ ಊರನ್ನೇ ಬಿಡುತ್ತಾರೆ ಎಂದ. ನಡುವೆ ಒಂದು ವರ್ಷ ತಪ್ಪಿಹೋದರೆ ಹಳೆಯ ಬ್ಯಾನಿಗಳಿಗೆ ಮುಂದೆಯೂ ಸಿಗುವುದಿಲ್ಲ. ಹೀರಾಬಾಯಿ ನರ್ಸಿಂಗ್ ಹೋಮಿನ ಸಂಗತಿಯನ್ನೆಲ್ಲ ಅವನಿಗೆ ಹೇಳಿದಳು. ಅವನು ಬಹಳ ಹೊತ್ತು ಕೇಳಿ, ಡಾಕ್ಟರು ಬೇಕೆಂದು ಬರೆದುಕೊಟ್ಟರೆ ನಾವು ಬೇಡ ಎನ್ನುವುದು ಹೇಗೆ ಎಂದ. ಆದರೂ ಮೇಲಿನವರಿಗೆ ತಿಳಿಸುತ್ತೇನೆ ಎಂದು ಹೋದ.

ಈಗ ಊರು ಹಿಂದೆ ಸರಿದಿತ್ತು. ಪ್ಯಾರಿಬಿಯ ಅವಸ್ಥೆ ಕಣ್ಣ ಮುಂದಿತ್ತು, ಸಾಬಮ್ಮನ ಸುದ್ದಿ ಮನೆಮನೆ ಸುತ್ತಿತ್ತು. ಹಾಗೆ ಸುತ್ತುವಂತೆ ಮಾಡಿದವಳು ಹೀರಾಬಾಯಿಯೇ. ಹೋದ ವರ್ಷ ಯಾವ ಬ್ಯಾನಿಯೂ ಬಾರದ ಮನೆಯವರು, ಕಟ್ಟಿದ್ದು ನೀರಲ್ಲಿ ಹೋಯಿತು ಎಂದು ಮುಖ ತಿರುಗಿಸಿದರು. ಅವಳು ಬಾಗಿಲಿಗೆ ಬಂದರೆ, ಗಂಡನ ಎರಡನೇ ಆಪರೇಶನ್ನಿಗೆ ನಮ್ಮ ಕೈಯಿಂದ ಕಟ್ಟಿಸಲು ಬಂದಳು ಎಂದು ಒಳಗಿನಿಂದ ಮಾತು ಕೇಳುತ್ತಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ ಎಂಬುದೇ ಅವಳನ್ನು ಒಳಗೊಳಗೆ ಕೊರೆಯುತ್ತಿತ್ತು. ಊರು ಅರ್ಧ ಮುಟ್ಟದಿದ್ದರೆ ರೇವಣಪ್ಪ ಬದುಕಿರುವವರೆಗೆ ಆ ಚೀಲ ಕಟ್ಟಿಕೊಂಡೇ ಇರಬೇಕು. ಸಾಬಮ್ಮನ ಪರೀಕ್ಷೆ ಕೆಟ್ಟದ್ದು ಬಂದರೆ ಅವಳ ಕೈಯಲ್ಲೂ ಏನೂ ಉಳಿಯುವುದಿಲ್ಲ. ಆಗ ನಿಂಬೆವ್ವನ ಮುಖವನ್ನು ಹೇಗೆ ನೋಡುವುದು?

ಪಂಚಾಯತಿ ಕಟ್ಟೆಯ ಮುಂದೆ ಜನ ಸೇರಿದಾಗ ಬಸವಂತರಾಯರೇ ಅದನ್ನು ಬಾಯಿಬಿಟ್ಟು ಕೇಳಿದರು. ತೊಗರಿ ಬೇಳೆಯ ಗಿರಣಿ ಇಟ್ಟುಕೊಂಡ ಹಿರಿಯರು. ಅವರು ಸೇರಿದರೆ ಅವರ ಓಣಿಯೆಲ್ಲ ಸೇರುತ್ತಿತ್ತು.

"ಹೀರಾಬಾಯಿ, ಸಿಟ್ಟಿಗೇಳಬ್ಯಾಡ್ರಿ. ಇದನ್ನ ನಿಮ್ಮ ಮನಿಯವ್ರ ಸಲುವಾಗಿ ಕೇಳಾಕತ್ತೀರೋ, ಊರ ಸಲುವಾಗಿ ಕೇಳಾಕತ್ತೀರೋ?"

ಹೋದ ವರ್ಷದ ಹಾಗೆ ಅಪ್ಪನ ಕಥೆ ಹೇಳಿ ಜನರನ್ನು ಕರಗಿಸಲು ಹೀರಾಬಾಯಿಗೆ ಈಗ ಮನಸ್ಸು ಬರಲಿಲ್ಲ.

"ಎರಡರ ಸಲುವಾಗೂ ಕೇಳಾಕತ್ತೇನ್ರಿ," ಎಂದಳು. "ನನ್ನ ಗಂಡಂದು ಆಗಬೇಕಾಗ್ಯಾದ, ಅದನ್ನ ಮುಚ್ಚಿಡಂಗಿಲ್ಲ. ಹೋದ ವರ್ಷ ನಾ ಕಾರ್ಡಿಂದು ಛಲೋದಷ್ಟ ಹೇಳಿದ್ದೆ. ಈ ಸಲ ಎರಡೂ ಹೇಳ್ತೇನಿ. ಇದು ಗುಳಿಗಿ ಕೊಡಂಗಿಲ್ಲ. ಇದನ್ನ ನೋಡಿ ಕೊಯ್ಯಾಕ ಬರೋ ಮಂದಿ ಅದಾರ. ಆದ್ರ ಕರುಳ ಒಡದ ದಿನ ಇದೊಂದ ಬಾಗಲಾ ತಗೀತದ. ಕಾರ್ಡ ತಗೋರಿ. ಕೊಯ್ತೀನಿ ಅಂದವ್ರಿಗೆ ಮಾತ್ರ ಜಲ್ದಿ ಹೂಂ ಅನಬ್ಯಾಡ್ರಿ. ಇನ್ನೊಬ್ಬ ಡಾಕ್ಟರ್‌ಗೆ ತೋರ್ಸಾಕ ನಾ ಜೋಡಿ ಬರ್ತೇನಿ."

ಬಸವಂತರಾಯರು ಗಡ್ಡ ಕೆರೆದುಕೊಂಡು, ವಿಚಾರ ಮಾಡುತ್ತೇನೆ ಎಂದು ಎದ್ದರು.

ಮರುದಿನ ಬೆಳಿಗ್ಗೆ ಹೀರಾಬಾಯಿ ಮತ್ತೆ ಮನೆಮನೆಗೆ ಹೊರಟಾಗ ಸಾಬಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು ಜೊತೆಗೆ ನಿಂತಳು. ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಮನೆಯಲ್ಲಿ ಏನೆನ್ನುತ್ತಾರೆ ಎಂದು ಹೀರಾಬಾಯಿ ಕೇಳಿದಳು. ನನ್ನದು ಏನು ಬರುತ್ತದೋ ಯಾರಿಗೆ ಗೊತ್ತು, ನನಗೂ ಬೇಕಾಗಬಹುದು, ಸುಮ್ಮನೆ ಮನೆಯಲ್ಲಿ ಕೂತು ಅಂಜುವುದಕ್ಕಿಂತ ಇದು ಮೇಲು ಎಂದಳು ಅವಳು. ಆಪರೇಶನ್ ಬೇಡ ಎಂದವಳೇ ಕಾರ್ಡು ಬೇಕು ಎನ್ನುತ್ತಿದ್ದಾಳಲ್ಲ ಎಂದು ಹೆಂಗಸರು ಅವಳ ಮಾತಿಗೆ ಕಿವಿಗೊಟ್ಟರು. ಗಂಡಸರ ಕಟ್ಟೆಯಲ್ಲಿ ಆಗದ್ದು ಅಡುಗೆಮನೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಆಗತೊಡಗಿತು. ಪ್ಯಾರಿಬಿ ತನ್ನ ಬಾಗಿಲಲ್ಲಿ ಬೀಸಣಿಗೆ ಹಿಡಿದು ಕೂತಿದ್ದಳು. ಹೀರಾಬಾಯಿ ತಲೆ ತಗ್ಗಿಸಿಕೊಂಡೇ ದಾಟಲು ನೋಡಿದಳು. ಪ್ಯಾರಿಬಿಯೇ ಕರೆದಳು.

"ನನಗ ಯಾಕ ಕೇಳವಲ್ಲಿ, ಹೀರಾಬಾಯಿ? ನಂದಂತೂ ಹೋತು. ಮನ್ಯಾಗ ಗಂಡಾ ಮಕ್ಕಳು ಅದಾರ. ಅವರ ಸಲುವಾಗಿ ನಮ್ಮ ಮನಿ ಹೆಸರೂ ಹಚ್ಚು."

ಅಲ್ಲಿಂದ ಮುಂದಿನ ಮನೆಯವರೆಗೂ ಹೀರಾಬಾಯಿ ಕಣ್ಣೊರೆಸಿಕೊಳ್ಳುತ್ತಲೇ ನಡೆದಳು.

ಕೊನೆಯ ದಿನ ಸಂಜೆಯ ಹೊತ್ತಿಗೆ ಇನ್ನೂ ಒಂದು ಓಣಿಯಷ್ಟು ಮನೆಗಳು ಕಡಿಮೆ ಬಿದ್ದಿದ್ದವು. ಮಹಾದೇವಪ್ಪ ಜೀಪಿನಲ್ಲಿ ಕೂತು ಡ್ರೈವರನಿಗೆ ಹೊರಡು ಎನ್ನುವುದರಲ್ಲಿದ್ದ. ಆಗ ಗಿರಣಿಯ ಕಡೆಯಿಂದ ಬಸವಂತರಾಯರ ಹೆಂಡತಿ ಕಸ್ತೂರಿಬಾಯಿ, ಎಂದೂ ಬೀದಿಗೆ ಬಾರದವರು, ತಮ್ಮ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಂದರು. ರಾಯರು ಹಿಂದೆ ನಿಧಾನವಾಗಿ ಬರುತ್ತಿದ್ದರು. ಅವರಿನ್ನೂ ವಿಚಾರ ಮಾಡುತ್ತಲೇ ಇದ್ದಾರೆ, ನೀ ನಮ್ಮದನ್ನು ಬರೆದುಕೋ ಎಂದು ಕಸ್ತೂರಿಬಾಯಿ ಹೇಳಿದಾಗ ಜನ ನಕ್ಕರು. ಹೀರಾಬಾಯಿಗೆ ನಗು ಬರಲಿಲ್ಲ. ಜೀಪಿನ ಬಾನೆಟ್ಟಿಗೆ ಕೈ ಊರಿ ನಿಂತಿದ್ದಳು.

ಫಲಿತಾಂಶ ತರಲು ಯುಗಾದಿಯ ಹಿಂದುಮುಂದಿನ ಒಂದು ದಿನ ಅವಳೂ ಸಾಬಮ್ಮನೂ ಗುಲಬರ್ಗಾಕ್ಕೆ ಹೋದರು. ಈ ಸಲ ನಿಂಬೆವ್ವನೂ ಬಂದಳು, ಹೀರಾಬಾಯಿಯ ಜೊತೆ ಮಾತಾಡದೆ, ಬೇರೆ ಸೀಟಿನಲ್ಲಿ ಕೂತು. ಡಾಕ್ಟರಮ್ಮ ಹೇಳಿದ್ದನ್ನು ಮೂವರೂ ಎರಡು ಸಲ ಹೇಳಿಸಿಕೊಂಡರು: ಕ್ಯಾನ್ಸರಿನ ಗುರುತೇನೂ ಇಲ್ಲ, ಸೋಂಕೂ ಇಳಿದಿದೆ, ವರ್ಷಕ್ಕೊಮ್ಮೆ ಬಂದು ತೋರಿಸಿ. ಹೊರಗೆ ಬಂದ ಮೇಲೆ ನಿಂಬೆವ್ವ ಬೇವಿನ ಗಿಡದ ಬುಡದಲ್ಲಿ ಕುಸಿದು ಕೂತು, ಬುತ್ತಿಯ ಗಂಟು ಬಿಚ್ಚಿ, ಮೊದಲ ರೊಟ್ಟಿಯನ್ನು ಹೀರಾಬಾಯಿಯ ಕೈಗೆ ಇಟ್ಟಳು. ಅವಳು ಆಡಬೇಕಾದ ಮಾತೆಲ್ಲ ಅದರಲ್ಲಿತ್ತು.

ರೇವಣಪ್ಪನ ಎರಡನೇ ಆಪರೇಶನ್ ಅದಾದ ಸ್ವಲ್ಪ ದಿನಕ್ಕೆ ಆಯಿತು. ಈ ಸಲದ್ದು ಮೊದಲಿನದಕ್ಕಿಂತ ಸಣ್ಣದು ಎಂದಿದ್ದರೂ ಹೀರಾಬಾಯಿಯ ಅಂಜಿಕೆ ಸಣ್ಣದಾಗಿರಲಿಲ್ಲ. ಹೊಲಿದ ಕರುಳು ಹಿಡಿದುಕೊಂಡಿದೆ ಎನ್ನುವುದಕ್ಕೆ ಕೆಳಗಿನಿಂದ ಗಾಳಿ ಹೋಗಬೇಕು, ಅದಾಗುವವರೆಗೆ ಬಾಯಿಗೆ ಹನಿ ನೀರೂ ಇಲ್ಲ ಎಂದಿದ್ದರು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಡಾಕ್ಟರು ಬಂದಾಗಲೆಲ್ಲ ಅದೊಂದನ್ನೇ ಕೇಳುತ್ತಿದ್ದರು, ರೇವಣಪ್ಪ ನಾಚಿ ಇಲ್ಲ ಎಂದು ತಲೆಯಾಡಿಸುತ್ತಿದ್ದ. ಅವನ ಹೊಟ್ಟೆ ಮತ್ತೆ ಉಬ್ಬತೊಡಗಿತ್ತು. ನರ್ಸುಗಳು ತಮ್ಮತಮ್ಮಲ್ಲೇ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಹೀರಾಬಾಯಿ ಅವನ ಪಾದ ತಿಕ್ಕುತ್ತ, ಬಸವಣ್ಣನನ್ನೂ ಶರಣರನ್ನೂ ಒಬ್ಬೊಬ್ಬರನ್ನಾಗಿ ನೆನೆಯುತ್ತ ಕೂತಿದ್ದಳು. ಮೂರನೇ ದಿನ ಮಧ್ಯಾಹ್ನ, ವಾರ್ಡಿನ ಮಂದಿಯೆಲ್ಲ ಕೇಳುವಂತೆ ಆ ಸದ್ದಾಯಿತು. ರೇವಣಪ್ಪ ಕಣ್ಣರಳಿಸಿ ಹೆಂಡತಿಯನ್ನು ನೋಡಿದ. ಪಕ್ಕದ ಹಾಸಿಗೆಯ ಮುದುಕ, ಶಿವಶಿವಾ, ಪಾರಾದೆಪ್ಪಾ ಎಂದ. ಹೀರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅತ್ತಳೋ ನಕ್ಕಳೋ ಅವಳಿಗೇ ಗೊತ್ತಾಗಲಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ಕಂಪನಿಯ ಕಡೆಯಿಂದ ಇಬ್ಬರು ವಿಚಾರಣೆಗೆಂದು ನಿಂಬರ್ಗಾಕ್ಕೆ ಬಂದು, ಪ್ಯಾರಿಬಿಯನ್ನೂ ಇನ್ನೂ ಕೆಲವರನ್ನೂ ಕೇಳಿಕೊಂಡು ಹೋದರು. ಏನಾಯಿತೆಂದು ಯಾರೂ ತಿಳಿಸಲಿಲ್ಲ. ನರ್ಸಿಂಗ್ ಹೋಮಿನ ವ್ಯಾನು ಊರಿಗೆ ಬರುವುದು ನಿಂತಿತು, ಅಷ್ಟೇ. ಮುಂದಿನ ವರ್ಷ ಕಾರ್ಡು ಇರುತ್ತದೋ ಇಲ್ಲವೋ ತನಗೂ ತಿಳಿಯದು ಎಂದು ಮಹಾದೇವಪ್ಪ ಹೇಳಿದ. ಒಂದು ದಿನ ಪ್ಯಾರಿಬಿ ಹೀರಾಬಾಯಿಯ ಮನೆಗೆ ಬಂದು, ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿ ಅದೇ ವ್ಯಾನು ತಿರುಗುತ್ತಿದೆಯಂತೆ, ಅಲ್ಲಿ ತನ್ನ ತಂಗಿ ಇದ್ದಾಳೆ, ಅವಳ ಹೆಸರನ್ನೂ ಕರೆದಿದ್ದಾರಂತೆ ಎಂದಳು. ತಾನು ಹೋಗಿ ಹೇಳಿದರೆ ಅವಳ ಅತ್ತೆಮನೆಯವರು ಕೇಳುತ್ತಾರೋ ಇಲ್ಲವೋ. ನೀನೂ ಜೊತೆಗೆ ಬಾ ಎಂದು ಕರೆಯಲು ಬಂದಿದ್ದಳು.

ಹೀರಾಬಾಯಿ ಗಂಡನ ಕಡೆ ನೋಡಿದಳು. ಅವನು ಕಟ್ಟೆಯ ಮೇಲೆ ಕೂತು ಖಾರದ ಚಟ್ನಿಯಲ್ಲಿ ರೊಟ್ಟಿ ಅದ್ದಿಕೊಂಡು ಹೊಟ್ಟೆ ತುಂಬ ತಿನ್ನುತ್ತಿದ್ದ.

"ಹೋಗಿ ಬಾ," ಎಂದ ಅವನು. "ನನ್ನ ಚಿಂತಿ ಬಿಡು."

ಪ್ಯಾರಿಬಿ ಮೊಣಕಾಲ ಮೇಲೆ ಕೈ ಊರಿ ಏಳಲು ನೋಡುತ್ತಿದ್ದಳು. ಹೀರಾಬಾಯಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಬಸ್ಸಿನ ದಾರಿ ಹಿಡಿದರು.